ಹೆಪ್ಪಿಗೆ ಹೋದ ಬಟ್ಟಲು

ಕೊಲ್ಲಾಪುರ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಮಹಾಲಕ್ಷ್ಮಿಯ ಗುಡಿ, ಬೆಲ್ಲ ಮತ್ತು ಚಪ್ಪಲಿ. ಕಳೆದ ಚಳಿಗಾಲದಲ್ಲಿ ನಂಟರ ಮನೆಯ ಕಾರ್ಯಕ್ರಮಕ್ಕೆಂದು ಆ ಕಡೆಗೆ ಹೋಗಿದ್ದ ನಾವು ಹಿಂತಿರುಗುವಾಗ ತಲೆಯಲ್ಲಿ ತುಂಬಿಕೊಂಡು ಬಂದದ್ದು ಮಾತ್ರ ಮೊಸರಿನ ವಿಚಾರ.

ಸಂಕೇಶ್ವರ ದಾಟಿ ಸ್ವಲ್ಪ ದೂರ ಹೋದರೆ ಹಿರಣ್ಯಕೇಶಿ ನದಿಯ ಸೀಮೆಯ ಗಡಹಿಂಗ್ಲಜ ಸಿಗುತ್ತದೆ. ಕೊಲ್ಲಾಪುರ ಜಿಲ್ಲೆಯ ತಾಲೂಕು ಕೇಂದ್ರವಾದ ಇಲ್ಲಿ ಸಂತೆಯಲ್ಲಿ ಮರಾಠಿ ಮಾತಾಡಿ ಅಡಿಗೆಮನೆಯಲ್ಲಿ ಕನ್ನಡ ಮಾತಾಡುವವರು ಈಗಲೂ ಇದ್ದಾರೆ. 1956ರ ರಾಜ್ಯ ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು, ಅವರ ಊರು ಬೊಂಬಾಯಿ ರಾಜ್ಯದಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಬಂತು. ಆದ್ದರಿಂದ ಅವರ ಸ್ಥಿತಿ ನಮಗೆ ಹೇಳದೆಯೇ ಅರ್ಥವಾಗುತ್ತದೆ.

ನಾವು ಇಳಿದುಕೊಂಡ ಮನೆಯಲ್ಲಿ ಅಂದು ಒಂದು ಸಣ್ಣ ಸಂಕಟ ನಡೆದಿತ್ತು. ಮೂರು ದಿನಗಳಿಂದ ಮೊಸರು ಕಟ್ಟುತ್ತಿರಲಿಲ್ಲ. ಹಾಲು ಮನೆಯ ಎಮ್ಮೆಯದೇ, ಹೆಪ್ಪು ತಲೆತಲಾಂತರದ್ದೇ. ಮನೆಯ ಹಿರಿಯಮ್ಮ ಗಡಿಗೆಯನ್ನು ಬಿಸಿಲಿಗಿಟ್ಟರು, ಕಂಬಳಿ ಹೊದೆಸಿದರು, ಜೋಳದ ಕಣಜದೊಳಗೂ ಇಟ್ಟು ನೋಡಿದರು. ಹಾಲು ಹಾಲಾಗಿಯೇ ಉಳಿಯಿತು. ಕೊನೆಗೆ ಎರಡು ಹನಿ ಹಳೆಯ ಹೆಪ್ಪೂ ಮುಗಿಯಿತು. ದೃಷ್ಟಿ ತಾಗಿದೆ ಎಂಬ ಮಾತೂ ಬಂತು. ವಿಚಾರಿಸುವಾಗ ತಿಳಿದದ್ದಿಷ್ಟೇ: ವಾರದ ಹಿಂದೆ ಎಮ್ಮೆಗೆ ಕೆಚ್ಚಲು ಬಾವು ಬಂದು, ವೈದ್ಯರು ಚುಚ್ಚುಮದ್ದು ಕೊಟ್ಟಿದ್ದರು.

ಇದನ್ನು ನಮ್ಮ ಸೋದರಿಯರು ಗಮನಿಸುವುದು ಒಳ್ಳೆಯದು. ಹಾಲನ್ನು ಮೊಸರು ಮಾಡುವುದು ಕಣ್ಣಿಗೆ ಕಾಣದ ಜೀವಿಗಳು. ಅವು ಹಾಲಿನೊಳಗಿನ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ. ಆ ಹುಳಿಗೆ ಹಾಲಿನ ಕೇಸೀನ್ ಎಂಬ ಸಾರವು ಹೆಣೆದುಕೊಂಡು ಗಟ್ಟಿಯಾಗುತ್ತದೆ. 1905ರಲ್ಲಿ ಬಲ್ಗೇರಿಯದ ಗ್ರಿಗೊರೊವ್ ಎಂಬ ತರುಣ ವೈದ್ಯ ತನ್ನ ನಾಡಿನ ಮೊಸರನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇಂಥ ಒಂದು ಜೀವಿಯನ್ನು ಗುರುತಿಸಿದನು. ಎಮ್ಮೆಯ ಬಾವಿನ ರೋಗಾಣುಗಳನ್ನು ಕೊಲ್ಲುವ ಮದ್ದು ಹಾಲಿಗೆ ಇಳಿದು ಈ ಜೀವಿಗಳನ್ನೂ ಕೊಲ್ಲುತ್ತದೆ. ಕುದಿಸಿದರೂ ಮದ್ದು ಪೂರ್ತಿ ಹೋಗುವುದಿಲ್ಲ. ಅದಕ್ಕಾಗಿಯೇ ಮದ್ದು ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನ ಹಾಲನ್ನು ಮನೆಗೂ ಬಳಸಬಾರದು, ಡೈರಿಗೂ ಹಾಕಬಾರದು. ಕಟ್ಟದ ಮೊಸರನ್ನು ಕಂಡು ದೃಷ್ಟಿ ತೆಗೆಯುವ ಮೊದಲು ಹಟ್ಟಿಯಲ್ಲಿ ವಿಚಾರಿಸಬೇಕು.

ಅಂದು ಸಂಜೆ ಬೇರೆ ಎಮ್ಮೆಯ ಹಾಲು ಬಂತು. ಆದರೆ ಹೆಪ್ಪಿಲ್ಲ. ಬಟ್ಟಲು ಹಿಡಿದು ಮೊಮ್ಮಗಳು ಪಕ್ಕದ ಮರಾಠಿ ಮನೆಗೆ ಓಡಿದಳು. ಅಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬುದು ಎರಡೂ ಮನೆಗಳ ನೇಮ. ಆ ಮನೆಯ ಹೆಂಗಸು ಕ್ಷಣ ಯೋಚಿಸಿ, ಬಟ್ಟಲಿಗೆ ಒಂದು ಒಣಮೆಣಸು ಹಾಕಿ ಕೊಟ್ಟಳಂತೆ. ನೇಮವೂ ಉಳಿಯಿತು, ಹೆಪ್ಪೂ ಬಂತು. ಅವರು ಅದಕ್ಕೆ ವಿರಜಣ ಎನ್ನುತ್ತಾರೆ. ನಮ್ಮ ನೆರೆಯ ಮಲೆಯಾಳಿ ಮನೆಗಳಲ್ಲಿ ಉರ ಎನ್ನುತ್ತಾರೆ. ಹೆಸರಿನ ಜಗಳ ಅಡಿಗೆಮನೆಯಲ್ಲಿ ನಾವು ಕಂಡದ್ದಿಲ್ಲ. ಅದನ್ನು ಮಾಡಿದ್ದು ಕಚೇರಿಯವರು: 2023ರ ಮಾರ್ಚಿಯಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಕರ್ನಾಟಕದ, ತಮಿಳುನಾಡಿನ ಪೊಟ್ಟಣಗಳಲ್ಲಿ 'ದಹಿ' ಎಂದು ದೊಡ್ಡದಾಗಿ ಬರೆದು ಮೊಸರು, ತಯಿರ್ ಎಂಬುದನ್ನು ಆವರಣದೊಳಗೆ ಹಾಕಿರೆಂದಿತು. ಗಲಾಟೆಯಾಯಿತು. ಆ ತಿಂಗಳು ಮುಗಿಯುವುದರೊಳಗೆ ಆದೇಶವನ್ನು ಬದಲಿಸಿತು.

ಆ ಸೀಮೆಯ ಮೊಸರನ್ನು ಚಾಕುವಿನಿಂದ ಕೊಯ್ಯಬಹುದು ಎಂದರೆ ಅತಿಶಯೋಕ್ತಿಯಲ್ಲ. ಕಾರಣ ಎಮ್ಮೆ. ಹಸುವಿನ ಹಾಲಿನಲ್ಲಿ ನೂರಕ್ಕೆ ನಾಲ್ಕರಷ್ಟು ಕೊಬ್ಬಿದ್ದರೆ ಎಮ್ಮೆಯದರಲ್ಲಿ ಆರೇಳು ಉಂಟು, ಕೇಸೀನೂ ಹೆಚ್ಚು. ಅಲ್ಲಿಯ ಪಂಢರಪುರಿ ಎಮ್ಮೆಗೆ ಕತ್ತಿಯಂಥ ಉದ್ದ ಕೊಂಬು, ಎಲ್ಲಿ ನಿಲ್ಲಿಸಿದರೂ ಹಾಲಿಳಿಸುವ ಸಾಧು ಸ್ವಭಾವ. ಆದ್ದರಿಂದಲೇ ಕೊಲ್ಲಾಪುರ ಪೇಟೆಯ ಗಂಗಾವೇಸಿನ ಹಾಲುಕಟ್ಟೆಯಲ್ಲಿ ಎಮ್ಮೆಯನ್ನು ಗಿರಾಕಿಯ ಕಣ್ಣೆದುರೇ ಕರೆದು ನೊರೆಹಾಲು ಕೊಡುವ ಪದ್ಧತಿ ಬೆಳೆಯಿತು. ಶಾಹು ಮಹಾರಾಜರ ಕಾಲದಿಂದ ಗರಡಿಗಳಿಗೆ ಹೆಸರಾದ ಊರಿಗೆ ಇದು ತಕ್ಕದ್ದೇ. 1963ರಲ್ಲಿ ಜಿಲ್ಲಾ ಸಹಕಾರಿ ಹಾಲು ಸಂಘ ಆರಂಭವಾಯಿತು. ಗೋಕುಳ ಎಂಬ ಅದರ ಹೆಸರು ಈಗ ಮನೆಮಾತು.

ಇಚಲಕರಂಜಿಯ ಕಥೆ ಬೇರೆ. 1904ರಲ್ಲಿ ಮೊದಲ ಯಂತ್ರಮಗ್ಗ ಕಂಡ ಆ ಊರಿನ ಓಣಿಗಳಲ್ಲಿ ನಡೆಯುವಾಗ ನಮ್ಮ ಮಾತು ನಮಗೇ ಕೇಳಿಸುತ್ತಿರಲಿಲ್ಲ. ಹನ್ನೆರಡು ತಾಸಿನ ಪಾಳಿ, ಒಂದು ಕೋಣೆಯ ಮನೆ. ಹಗಲು ಪಾಳಿಯವರು ಬರುವಾಗ ರಾತ್ರಿ ಪಾಳಿಯವರು ಹೊರಡುತ್ತಾರೆ. ಹಾಲು ಉಗುರುಬೆಚ್ಚಗಾಗುವ ತನಕ ಕಾಯುವವರು ಯಾರು? ಅಲ್ಲಿ ಮೊಸರು ಪೊಟ್ಟಣದಲ್ಲಿ ಬರುತ್ತದೆ. ಅದನ್ನು ಸೋಮಾರಿತನವೆಂದು ಹಳಿಯಲು ನಮಗೆ ಮನಸ್ಸಾಗಲಿಲ್ಲ. ಆದರೂ 2022ರ ಜುಲಾಯಿ 18ರಂದು ಪೊಟ್ಟಣದ ಮೊಸರಿಗೂ ನೂರಕ್ಕೆ ಐದರಂತೆ ತೆರಿಗೆ ಬಿದ್ದಾಗ ಹೆಚ್ಚು ನೊಂದವರು ಇಂಥ ಮನೆಯವರೇ ಇರಬೇಕು. ನಾವು ಊಟ ಮಾಡಿದ ಒಂದು ಮನೆಯಲ್ಲಿ ಉಪಾಯವೊಂದನ್ನು ಕಂಡೆವು: ಪೊಟ್ಟಣದ ಮೊಸರಿನದೇ ಒಂದು ಚಮಚವನ್ನು ಹೆಪ್ಪಾಗಿಸಿ, ಹಾಲನ್ನು ಚಹಾದ ಥರ್ಮಾಸಿನಲ್ಲಿ ಸುರಿದು ಮಗ್ಗಕ್ಕೆ ಹೋಗುತ್ತಾರೆ. ಪಾಳಿ ಮುಗಿಯುವಾಗ ಮೊಸರು ತಯಾರು.

ಹಿರಿಯಮ್ಮ ನಮಗೆ ಹೇಳಿದ ಕ್ರಮ ಹೀಗೆ. ಹಾಲು ಉಕ್ಕಿದ ಮೇಲೂ ಸಣ್ಣ ಉರಿಯಲ್ಲಿ ಐದು ಹತ್ತು ನಿಮಿಷ ಕಾಯಬೇಕು. ಪೊಟ್ಟಣದ ಹಾಲಾದರೂ ಸರಿ, ಹೀಗೆ ಕಾಯಿಸಿದರೆ ಮೊಸರು ನೀರೊಡೆಯುವುದು ಕಡಿಮೆ. ಕಿರುಬೆರಳು ಅದ್ದಿ ಹತ್ತು ಎಣಿಸುವಷ್ಟು ಹೊತ್ತು ತಾಳುವ ಬಿಸಿ ಇರಬೇಕು. ಹೆಚ್ಚು ಬಿಸಿಯಾದರೆ ಹೆಪ್ಪು ಸಾಯುತ್ತದೆ. ಸೇರು ಹಾಲಿಗೆ ಒಂದು ಚಮಚ ಹೆಪ್ಪು ಸಾಕು. ಬೇಗ ಆಗಲೆಂದು ಸೌಟುಗಟ್ಟಲೆ ಸುರಿದರೆ ಹುಳಿಯಾಗುತ್ತದೆ. ಆಮೇಲೆ ಗಡಿಗೆಯನ್ನು ಅಲುಗಿಸಬಾರದು. ಮಣ್ಣಿನ ಗಡಿಗೆ ನೀರನ್ನು ಹೀರಿ ಮೊಸರನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ನಮ್ಮ ಕಾಸರಗೋಡಿನಲ್ಲಿ ಕಂಬಳಿಯ ಅಗತ್ಯವಿಲ್ಲ. ಇಲ್ಲಿ ಸೆಕೆಯದೇ ಬಾಧೆ. ರಾತ್ರಿ ಒಂಬತ್ತಕ್ಕೆ ಹೆಪ್ಪು ಹಾಕಿದರೆ ಬೆಳಗಾಗುವಾಗ ಹುಳಿ, ಮಜ್ಜಿಗೆಹುಳಿಗೇ ಆದೀತು. ಬೇಸಗೆಯಲ್ಲಿ ಹೆಪ್ಪು ಅರ್ಧ ಚಮಚಕ್ಕೆ ಇಳಿಸಿ, ಮಲಗುವ ಮುನ್ನ ಹಾಕಿ, ಎದ್ದ ಕೂಡಲೇ ತಂಪಿಗೆ ಇಡುವುದು ಮೇಲು.

ಮರುದಿನ ಬೆಳಗ್ಗೆ ಗಡಹಿಂಗ್ಲಜದ ಆ ಮನೆಯಲ್ಲಿ ಮೊಸರು ಕಟ್ಟಿತ್ತು. ಹಿರಿಯಮ್ಮ ಮೊದಲು ಒಂದು ಚಮಚ ತೆಗೆದು ಬೇರೆ ಇಟ್ಟರು, ನಂತರ ನಮಗೆ ರೊಟ್ಟಿಯ ಜೊತೆ ಬಡಿಸಿದರು. ಪಕ್ಕದ ಮನೆಯ ಬಟ್ಟಲನ್ನು ಬರಿದಾಗಿ ಕಳುಹಿಸಬಾರದೆಂದು ಅದರಲ್ಲಿ ಬೆಲ್ಲದ ತುಂಡೊಂದನ್ನು ಹಾಕಿ ಮೊಮ್ಮಗಳ ಕೈಗೆ ಕೊಟ್ಟರು. ಒಣಮೆಣಸನ್ನು ಅವರು ಎಸೆದಿರಲಿಲ್ಲ, ಅದು ಚಟ್ನಿಗೆ ಹೋಗಿತ್ತು.