ಗಾಯ ಕಾಲಿನಲ್ಲಿ, ಭಾರ ಹೃದಯಕ್ಕೆ

ಹೃದಯದಿಂದ ಹೊರಟ ರಕ್ತವು ಅಪಧಮನಿಗಳಲ್ಲಿ ಹರಿದು, ಕೂದಲೆಳೆಗಿಂತ ಸೂಕ್ಷ್ಮವಾದ ಲೋಮನಾಳಗಳನ್ನು ಹಾದು, ಅಭಿಧಮನಿಗಳ ಮೂಲಕ ಹಿಂದಿರುಗುತ್ತದೆ. ಅಪಧಮನಿಯಲ್ಲಿ ಒತ್ತಡ ಹೆಚ್ಚು. ಅಭಿಧಮನಿಯಲ್ಲಿ ಬಹಳ ಕಡಿಮೆ. ಚೂರಿಯೋ ಗುಂಡೋ ತೊಡೆಯಲ್ಲಿ ಅಕ್ಕಪಕ್ಕದ ಈ ಎರಡು ನಾಳಗಳನ್ನೂ ಭೇದಿಸಿದರೆ, ಹೊರಗಿನ ಗಾಯ ಮಾಯ್ದರೂ ಒಳಗೆ ಅವುಗಳ ನಡುವೆ ಕಂಡಿಯೊಂದು ಉಳಿದುಬಿಡಬಹುದು.

ಕಾಲುವೆಯ ಏರಿ ಒಡೆದರೆ ನೀರು ಗದ್ದೆಗೆ ಹಾಯದೆ ಹಳ್ಳಕ್ಕೆ ನುಗ್ಗುವುದನ್ನು ನಾವು ಕಂಡಿದ್ದೇವೆ. ಇಲ್ಲಿಯೂ ಹಾಗೆಯೇ. ಕಂಡಿಯ ಮೂಲಕ ನುಗ್ಗಿದ ರಕ್ತವು ಅಂಗಾಂಶಗಳಿಗೆ ಉಪಯೋಗವಾಗದೆ ಹೃದಯಕ್ಕೆ ಮರಳುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ನೂಕುವ ಹೃದಯವು, ಈ ಸೋರಿಕೆಯನ್ನು ತುಂಬಿಕೊಡಲು ಇನ್ನೂ ಹೆಚ್ಚು ನೂಕಬೇಕಾಗುತ್ತದೆ. ಕಂಡಿ ದೊಡ್ಡದಾಗಿದ್ದರೆ ಕಾಲಕ್ರಮದಲ್ಲಿ ಹೃದಯವು ಹಿಗ್ಗಿ ಸೋಲಬಹುದು. ಏದುಸಿರು, ಕಾಲಿನ ಬಾವು ತಲೆದೋರುತ್ತವೆ.

ಇಂಥ ಕಂಡಿಯನ್ನು 1757ರಲ್ಲಿಯೇ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ವರ್ಣಿಸಿದ್ದನು. ಚಿಕಿತ್ಸೆಗೆಂದು ಮೊಣಕೈಯ ಬಳಿ ರಕ್ತ ತೆಗೆಯುವಾಗ, ಅಭಿಧಮನಿಯನ್ನು ದಾಟಿದ ಅಲಗು ಅಪಧಮನಿಯನ್ನೂ ಚುಚ್ಚುವುದುಂಟಾಗಿತ್ತು. 1890ರಲ್ಲಿ ಬ್ರಾನ್‌ಹ್ಯಾಂ ಎಂಬ ವೈದ್ಯನು ಮತ್ತೊಂದು ಸೋಜಿಗವನ್ನು ದಾಖಲಿಸಿದನು: ಕಂಡಿಯನ್ನು ಬೆರಳಿನಿಂದ ಅದುಮಿದೊಡನೆ ನಾಡಿಯ ಬಡಿತ ನಿಧಾನವಾಗುತ್ತದೆ! ಸೋರಿಕೆ ನಿಂತೊಡನೆ ರಕ್ತದೊತ್ತಡವೇರುತ್ತದೆ. ಅದನ್ನರಿತ ನರಗಳು ಹೃದಯದ ವೇಗವನ್ನು ತಗ್ಗಿಸುತ್ತವೆ. ಎಲ್ಲಿಯದೋ ರಂಧ್ರಕ್ಕೂ ಹೃದಯಕ್ಕೂ ಇರುವ ನಂಟಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಮಾಯ್ದ ಗಾಯದ ಮೇಲೆ ಕೈಯಿಟ್ಟಾಗ ಎಡೆಬಿಡದ ಕಂಪನ ತಿಳಿದುಬಂದರೆ ವೈದ್ಯರಿಗೆ ತೋರಿಸಬೇಕು. ಶಸ್ತ್ರಕ್ರಿಯೆಯಿಂದಲೋ, ನಾಳದೊಳಗೆ ಹೊದಿಕೆಯುಳ್ಳ ಕೊಳವೆಯನ್ನು ಕೂರಿಸಿಯೋ ಕಂಡಿಯನ್ನು ಇಂದು ಮುಚ್ಚಬಹುದು. ಸಕಾಲದಲ್ಲಿ ಮುಚ್ಚಿದರೆ, ಹಿಗ್ಗಿದ ಹೃದಯವೂ ಅನೇಕರಲ್ಲಿ ಮೊದಲಿನ ಅಳತೆಗೆ ಮರಳುತ್ತದೆ.