ಬಂಗಾರಪೇಟೆ, ಕೆ.ಜಿ.ಎಫ್.ನಲ್ಲಿ ಊಟ-ತಿಂಡಿ: ಎಲ್ಲಿ, ಏಕೆ, ಹೇಗೆ?



ಹೊಸ ಊರಿಗೆ ಹೋದಾಗ ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಇಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ?" ಎಂಬುದು. ನಾಲ್ಕು ಹೋಟೆಲುಗಳ ಹೆಸರು ಹೇಳಿದರೆ ಉತ್ತರ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಹೋಟೆಲುಗಳು ತೆರೆಯುತ್ತವೆ, ಮುಚ್ಚುತ್ತವೆ. ಪಟ್ಟಿ ಬೇಗ ಹಳತಾಗುತ್ತದೆ. ಆ ಊರಿನಲ್ಲಿ ದುಡಿಯುವವರು ಯಾರು, ಅವರಿಗೆ ಯಾವ ಹೊತ್ತಿಗೆ ಹಸಿವಾಗುತ್ತದೆ, ಅಲ್ಲಿ ನೀರು ಎಲ್ಲಿಂದ ಬರುತ್ತದೆ ಎಂಬ ಮೂರು ಸಂಗತಿ ಗೊತ್ತಿದ್ದರೆ ಊಟದ ಜಾಗವನ್ನು ನೀವೇ ಹುಡುಕಿಕೊಳ್ಳಬಲ್ಲಿರಿ. ಕೋಲಾರ ಜಿಲ್ಲೆಯ ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ಕೆ.ಜಿ.ಎಫ್., ಇದಕ್ಕೆ ಒಳ್ಳೆಯ ಉದಾಹರಣೆ.

ರೈಲು ಮತ್ತು ಪಾಳಿ

ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರಿಂದ ಬಂದ ಹೆಸರು ಅದು. 1864ರಲ್ಲಿ ಬೆಂಗಳೂರು-ಜೋಲಾರಪೇಟೆ ರೈಲು ಮಾರ್ಗ ಈ ದಾರಿಯಲ್ಲಿ ಬಂತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿಗಾರಿಕೆಗೆ ಕೈಹಾಕಿತು. 1894ರಲ್ಲಿ ಗಣಿಗೆಂದೇ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಕವಲು ಮಾರ್ಗ ಹಾಕಿದರು. ಕೋರಮಂಡಲ, ಊರ್ಗಾಂ, ಚಾಂಪಿಯನ್ ನಿಲ್ದಾಣಗಳು ಈ ಕವಲಿನಲ್ಲೇ ಇವೆ.

ಗಣಿಯಲ್ಲಿ ಕೆಲಸ ಹಗಲು ರಾತ್ರಿ ಪಾಳಿಯ ಮೇಲೆ ನಡೆಯುತ್ತಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದು ಬಂದವನಿಗೆ ಬೇಕಾದದ್ದು ಬಿಸಿಯಾದ, ಹೊಟ್ಟೆ ತುಂಬುವ, ಕಡಿಮೆ ಬೆಲೆಯ ತಿಂಡಿ. ಕೆಲಸ ಹುಡುಕಿಕೊಂಡು ಬಂದವರಲ್ಲಿ ಬಹುಮಂದಿ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯವರು. ಹಾಗಾಗಿ ಇಡ್ಲಿ-ವಡೆ, ದೋಸೆ, ಕುಷ್ಕ, ಬಿರಿಯಾನಿ ಇಲ್ಲಿ ಬೇರೂರಿದವು. ಸುತ್ತಲಿನ ಹಳ್ಳಿಗಳ ರಾಗಿಮುದ್ದೆ, ಬಸ್ಸಾರು, ಚಳಿಗಾಲದಲ್ಲಿ ಅವರೆಕಾಳಿನ ಸಾರು ಮೊದಲೇ ಇದ್ದವು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕೈಮಾ ಉಂಡೆಯ ಸಾರು, ತೆಂಗಿನಹಾಲಿನ ಹಳದಿ ಅನ್ನ, ಪೆಪ್ಪರ್ ವಾಟರ್ ಆಗುತ್ತಿದ್ದವು. ಈ ಅಡುಗೆ ಹೋಟೆಲಿಗಿಂತ ಮನೆಯಲ್ಲೇ ಉಳಿಯಿತು. ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬ್ರಿಜೆಟ್ ವೈಟ್ ಕುಮಾರ್ ಅವರು ಇದನ್ನು ಪುಸ್ತಕಗಳಲ್ಲಿ ಬರೆದಿಟ್ಟಿರುವುದರಿಂದ ನಮಗೆ ಓದಲು ಸಿಗುತ್ತದೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಳಿಯ ಹಸಿವು ನಿಂತಿತು, ರೈಲಿನ ಹಸಿವು ಉಳಿಯಿತು. ಕೆಲಸಕ್ಕಾಗಿ ಸಾವಿರಾರು ಜನ ಬೆಳಗ್ಗೆ ಬೆಂಗಳೂರಿಗೆ ರೈಲು ಹತ್ತುತ್ತಾರೆ, ಸಂಜೆ ಹಿಂದಿರುಗುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರು ಸುಮಾರು 70 ಕಿಲೋಮೀಟರು. ಆದ್ದರಿಂದ ನಿಲ್ದಾಣದ ಸುತ್ತಮುತ್ತ ಬೆಳಗಿನ ಇಡ್ಲಿಯನ್ನು ರೈಲು ಹೊರಡುವ ಮೊದಲು ಹುಡುಕಿರಿ. ಚಾಟ್ ಗಾಡಿಗಳ ಬಳಿಗೆ ಸಂಜೆ ಹೋಗಿರಿ. ಮಧ್ಯಾಹ್ನದ ಊಟಕ್ಕೆ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಬೀದಿಗಳು ಸೂಕ್ತ. ಜನ ಬಂದು ಹೋಗುತ್ತಿರುವ ಅಂಗಡಿಯಲ್ಲಿ ಮಾಡಿದ್ದು ಬೇಗ ಖರ್ಚಾಗುತ್ತದೆ. ಎದುರಿಗೆ ಬರುವ ತಟ್ಟೆ ಬಿಸಿಯಾಗಿರುತ್ತದೆ.

ತಿಳಿನೀರಿನ ಪಾನಿಪುರಿ

ಬಂಗಾರಪೇಟೆ ಎಂದೊಡನೆ ನಿಮ್ಮಲ್ಲಿ ಅನೇಕರಿಗೆ ಪಾನಿಪುರಿ ನೆನಪಾಗಬಹುದು. ಬೆಂಗಳೂರಿನ ಎಷ್ಟೋ ಚಾಟ್ ಅಂಗಡಿಗಳ ಫಲಕದ ಮೇಲೆ ಈ ಊರಿನ ಹೆಸರಿದೆ. ಇದರ ವಿಶೇಷ ಪಾನಿಯಲ್ಲಿದೆ. ಬೇರೆ ಕಡೆ ಪಾನಿ ಹಸಿರಾಗಿರುತ್ತದೆ. ಇಲ್ಲಿ ಅದು ಕುಡಿಯುವ ನೀರಿನಷ್ಟೇ ತಿಳಿ, ಬಾಯಿಗಿಟ್ಟರೆ ಮಾತ್ರ ಖಾರ, ಹುಳಿ, ಘಾಟು!

ಇದು ಹೇಗೆ ಸಾಧ್ಯ? ಸಾಧಾರಣ ಪಾನಿಯ ಹಸಿರು, ಅರೆದ ಪುದೀನ ಮತ್ತು ಕೊತ್ತಂಬರಿ ಸೊಪ್ಪಿನ ಸಣ್ಣ ಸಣ್ಣ ಕಣಗಳದ್ದು. ಎಲೆಯ ಹರಿತ್ತು ನೀರಿನಲ್ಲಿ ಕರಗುವುದಿಲ್ಲ. ಸೊಪ್ಪನ್ನು ಅರೆದು ಹಾಕದೆ, ಮಸಾಲೆಯ ಸಾರವನ್ನು ಮಾತ್ರ ನೀರಿಗೆ ಬಿಟ್ಟುಕೊಳ್ಳುವಂತೆ ಮಾಡಿ ತೆಳುಬಟ್ಟೆಯಲ್ಲಿ ಸೋಸಿದರೆ ನೀರು ತಿಳಿಯಾಗಿಯೇ ಉಳಿಯುತ್ತದೆ. ಉಪ್ಪು ಮತ್ತು ಹುಳಿ ನೀರಿನಲ್ಲಿ ಪೂರ್ತಿ ಕರಗುತ್ತವೆ. ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಆದರೆ ನಾಲಿಗೆ ಉರಿಯಲು ಅಷ್ಟು ಸಾಕು. ಉಳಿದ ಹದ ಅಂಗಡಿಗೊಂದು.

ತಿಳಿ ಎಂದರೆ ಶುದ್ಧವೇ?

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಣ್ಣಿಗೆ ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ. ವಿಷಮಶೀತ ಜ್ವರ, ಕಾಲರಾ, ಒಂದು ಬಗೆಯ ಕಾಮಾಲೆ ಇವುಗಳ ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಹುಳಿ-ಖಾರ ಅವನ್ನು ಕೊಲ್ಲುತ್ತದೆ ಎಂದು ನಂಬಬೇಡಿ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದೆ ಗಣಿ ಊರಿಗೆ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರು ಬರುತ್ತಿತ್ತು. ಜಿಲ್ಲೆಯ ಜನ ಬಹುವಾಗಿ ನಂಬಿರುವುದು ಆಳದ ಕೊಳವೆ ಬಾವಿಗಳನ್ನು. ಕೆಲವು ಕಡೆ ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಅದಕ್ಕೆ ಬೇರೆ ಶುದ್ಧೀಕರಣ ಬೇಕು.

ಆದ್ದರಿಂದ ಗಾಡಿಯ ಮುಂದೆ ನಿಂತಾಗ ನಾಲ್ಕು ಸಂಗತಿ ನೋಡಿರಿ. ಪಾನಿಗೆ ಯಾವ ನೀರು ಬಳಸುತ್ತಾರೆ? "ಅಣ್ಣಾ, ನೀರು ಯಾವುದು?" ಎಂದು ಕೇಳಲು ಸಂಕೋಚ ಬೇಡ. ಪಾತ್ರೆಗೆ ಮುಚ್ಚಳವಿದೆಯೇ? ಪಾನಿಯನ್ನು ಸೌಟಿನಿಂದ ಹಾಕುತ್ತಾರೋ, ಕೈ ಅದ್ದುತ್ತಾರೋ? ತಟ್ಟೆ ತೊಳೆಯುವ ನೀರನ್ನು ಆಗಾಗ ಬದಲಾಯಿಸುತ್ತಾರೆಯೇ? 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ಸಣ್ಣ ವ್ಯಾಪಾರಿಯೂ ನೋಂದಣಿ ಮಾಡಿಸಬೇಕು. ಆ ನೋಂದಣಿಗೆ 14 ಅಂಕಿಗಳ ಸಂಖ್ಯೆ ಇರುತ್ತದೆ.

ಗಾಡಿಯ ಹಿಂದಿರುವ ಬದುಕು

ಎಚ್ಚರಿಕೆ ಬೇರೆ, ತಾತ್ಸಾರ ಬೇರೆ. ಗಣಿ ಮುಚ್ಚಿದ ಊರಿನಲ್ಲಿ ಸಣ್ಣ ಬಂಡವಾಳದಲ್ಲಿ ಆರಂಭಿಸಬಹುದಾದ ಕೆಲಸಗಳಲ್ಲಿ ತಿಂಡಿ ಗಾಡಿಯೂ ಒಂದು. ನಿಮ್ಮ ಇಪ್ಪತ್ತು-ಮೂವತ್ತು ರೂಪಾಯಿಯಲ್ಲಿ ಒಂದು ಮನೆಯ ಅಕ್ಕಿ-ಬೇಳೆಯ ಪಾಲಿದೆ. ಬೀದಿ ವ್ಯಾಪಾರಿಗಳ ಜೀವನೋಪಾಯದ ರಕ್ಷಣೆಗೆ 2014ರಲ್ಲಿ ಕಾಯಿದೆ ಬಂತು. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಶೇಕಡಾ 40 ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು. ಶುದ್ಧ ನೀರಿನ ನಲ್ಲಿ, ಕಸದ ತೊಟ್ಟಿ ಬೇಕೆಂದು ಅವರು ಅಲ್ಲಿ ಕೇಳಬಹುದು. ಅದು ಗಿರಾಕಿಯ ಆರೋಗ್ಯಕ್ಕೂ ಕಾವಲು.

ಹೊರದೇಶದ ಒಂದು ಉದಾಹರಣೆ ನೋಡೋಣ. ಬ್ರೆಜಿಲಿನ ಕಡಲತೀರದ ದೊಡ್ಡ ನಗರ ಸಾಲ್ವಡಾರ್. ಅಲ್ಲಿನ ಬೀದಿಗಳಲ್ಲಿ ಬಿಳಿ ಉಡುಪಿನ ಹೆಂಗಸರು 'ಅಕರಜೆ' ಮಾರುತ್ತಾರೆ. ನಮ್ಮ ಅಲಸಂದೆಯಂಥ ಕಾಳನ್ನೇ ನೆನೆಸಿ, ಅರೆದು, ತಾಳೆ ಎಣ್ಣೆಯಲ್ಲಿ ಕರಿದ ವಡೆ ಇದು. ಆಫ್ರಿಕದಿಂದ ಗುಲಾಮರಾಗಿ ತಂದವರು ಉಳಿಸಿಕೊಂಡ ತಿಂಡಿ. 2005ರಲ್ಲಿ ಬ್ರೆಜಿಲ್ ಸರ್ಕಾರದ ಪರಂಪರೆ ಸಂಸ್ಥೆ ಈ ಹೆಂಗಸರ ಕಸುಬನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ದಾಖಲಿಸಿತು. ಬೀದಿಯ ತಿಂಡಿಗೂ ಚರಿತ್ರೆಯಿದೆ, ಬರೆದಿಟ್ಟರೆ ಅದಕ್ಕೆ ಮರ್ಯಾದೆಯೂ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನೀವೇ ಮಾಡಿರಿ

1. ನಿಮ್ಮ ಊರಿನ ಒಂದು ಹಳೆಯ ಹೋಟೆಲು ಅಥವಾ ಗಾಡಿಯನ್ನು ಆರಿಸಿಕೊಳ್ಳಿ. ಅದು ಯಾವಾಗ ಆರಂಭವಾಯಿತು, ಮೊದಲ ಗಿರಾಕಿಗಳು ಯಾರು ಎಂದು ಮಾಲೀಕರನ್ನು ಕೇಳಿ ಬರೆಯಿರಿ.

2. ಅಲ್ಲಿ ಜನ ಹೆಚ್ಚಾಗುವ ಹೊತ್ತನ್ನು ಒಂದು ವಾರ ಗುರುತಿಸಿ. ಅದಕ್ಕೂ ರೈಲು, ಬಸ್ಸು, ಕಾರ್ಖಾನೆ, ಸಂತೆಗಳಿಗೂ ಇರುವ ಸಂಬಂಧವನ್ನು ತಿಳಿಸಿರಿ.

3. ಆ ಅಂಗಡಿಗೆ ನೀರು ಎಲ್ಲಿಂದ ಬರುತ್ತದೆ? ನಕ್ಷೆ ಬರೆದು ತೋರಿಸಿರಿ.

ಈ ಮೂರಕ್ಕೂ ಉತ್ತರ ದೊರೆತರೆ, ನಿಮ್ಮ ಊರಿಗೆ ಬಂದವರು "ಊಟ ಎಲ್ಲಿ ಚೆನ್ನ?" ಎಂದು ಕೇಳಿದಾಗ, ಕಾರಣ ಸಹಿತ ದಾರಿ ತೋರಿಸಬಲ್ಲಿರಿ.