ಹಳೇ ಮೋಟರ್‌ಹೋಮ್: ಬಜರ್ ಕೂಗಿದರೆ ಭಯ ಬೇಡ, ಕೂಗದಿದ್ದರೆ ಎಚ್ಚರ!

ಊರಿಂದ ಅಪ್ಪ-ಅಮ್ಮ ಅಮೆರಿಕಕ್ಕೆ ಬಂದರೆ ಮಕ್ಕಳಿಗೆ ಒಂದೇ ಹಂಬಲ. ಗ್ರ್ಯಾಂಡ್ ಕ್ಯಾನ್ಯನ್ ತೋರಿಸಬೇಕು, ಯೆಲ್ಲೋಸ್ಟೋನ್ ಸುತ್ತಿಸಬೇಕು. ಆದರೆ ಅಪ್ಪನಿಗೆ ಹೋಟೆಲ್ ಊಟ ಒಗ್ಗಲ್ಲ, ಅಮ್ಮನಿಗೆ ಬೆಳಗ್ಗೆ ಎದ್ದ ತಕ್ಷಣ ಫಿಲ್ಟರ್ ಕಾಫಿ ಬೇಕೇ ಬೇಕು. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಜೊತೆಯಲ್ಲೇ ಒಯ್ಯುವ ಮೋಟರ್‌ಹೋಮ್ ಇದಕ್ಕೆಲ್ಲ ಒಳ್ಳೇ ಉತ್ತರ. ಹೊಸದು ಕೊಳ್ಳೋಣ ಅಂದರೆ ಮನೆ ಸಾಲದಷ್ಟೇ ದೊಡ್ಡ ಸಾಲ. ಹಾಗಾಗಿ ಹಲವರ ಕಣ್ಣು 1990ರ ದಶಕದ ಸೆಕೆಂಡ್ ಹ್ಯಾಂಡ್ ಗಾಡಿಗಳ ಮೇಲೆ ಬೀಳುತ್ತದೆ.

ಗಾಡಿ ಮನೆ ಮುಂದೆ ಬಂದು ನಿಂತ ಮೇಲೆ ಶುರುವಾಗುತ್ತದೆ ಅಸಲಿ ಕಥೆ. ಕೀಲಿ ತಿರುಗಿಸಿದರೆ ಎಲ್ಲಿಂದಲೋ ಕಿರ್ ಅನ್ನೋ ಸದ್ದು, ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ. ಯಾಕೆ ಅಂತ ಹೇಳೋರು ಯಾರೂ ಇಲ್ಲ.

ಮೊದಲ ಪ್ರಶ್ನೆ: ಕೂಗ್ತಿರೋದು ಯಾವುದು?

ಹಳೇ ಮೋಟರ್‌ಹೋಮ್‌ನಲ್ಲಿ ಕೂಗೋ ವಸ್ತುಗಳು ಒಂದೆರಡಲ್ಲ. ವಾಹನದ ಕಡೆಯಿಂದ ಬ್ರೇಕ್ ಬಜರ್, ಹ್ಯಾಂಡ್‌ಬ್ರೇಕ್ ಎಚ್ಚರಿಕೆ, ಆಯಿಲ್ ಪ್ರೆಷರ್ ಎಚ್ಚರಿಕೆ. ಮನೆಯ ಕಡೆಯಿಂದ ಗ್ಯಾಸ್ ಸೋರಿಕೆ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ, ಹೊಗೆ ಅಲಾರಂ. ಇವೆರಡರ ನಡುವೆ, ಬಾಗಿಲ ಮೆಟ್ಟಿಲು ಹೊರಗೇ ಉಳಿದಿದ್ದರೆ ಅಥವಾ ಗಾಡಿಯನ್ನು ಸಮತಟ್ಟಾಗಿಸುವ ಜ್ಯಾಕ್ ಪೂರ್ತಿ ಮೇಲೇರಿಲ್ಲದಿದ್ದರೆ ಕೂಗುವ ಇನ್ನೆರಡು.

ಕಂಡುಹಿಡಿಯೋ ದಾರಿ ಸುಲಭ. ಕೀಲಿ ತೆಗೆದ ಮೇಲೂ ನಿಮಿಷಕ್ಕೊಮ್ಮೆ ಚಿಕ್ ಅನ್ನುತ್ತಿದ್ದರೆ ಸಾಮಾನ್ಯವಾಗಿ ಅದು ಮನೆ ಕಡೆಯ ಅಲಾರಂ. ಒಂದೋ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಆಯುಸ್ಸು ಮುಗಿದಿದೆ. ಗ್ಯಾಸ್ ಡಿಟೆಕ್ಟರ್‌ಗಳನ್ನು ಸಾಮಾನ್ಯವಾಗಿ 5ರಿಂದ 7 ವರ್ಷಕ್ಕೆ, ಹೊಗೆ ಅಲಾರಂಗಳನ್ನು 10 ವರ್ಷಕ್ಕೆ ಬದಲಿಸಬೇಕು. ತಯಾರಾದ ತಾರೀಕು ಹಿಂಬದಿಯಲ್ಲೇ ಇರುತ್ತದೆ, ತಿರುಗಿಸಿ ನೋಡಿ. ಚಿಕ್ ಅನ್ನುವ ಬದಲು ಒಂದೇ ಸಮ ಜೋರಾಗಿ ಕೂಗಿದರೆ ಮಾತ್ರ ತಾರೀಕು ನೋಡುತ್ತಾ ಕೂರಬೇಡಿ, ಮೊದಲು ಎಲ್ಲರೂ ಹೊರಗೆ ಬನ್ನಿ.

ಕೀಲಿ ಹಾಕಿದಾಗ ಮಾತ್ರ ಕೂಗಿದರೆ ಅದು ವಾಹನದ ಕಡೆಯದು. ಆಗ ಮೆಟ್ಟಿಲು ಒಳಗೆಳೆಯಿರಿ, ಜ್ಯಾಕ್ ಮೇಲಿದೆಯಾ ನೋಡಿ. ಆಮೇಲೂ ನಿಲ್ಲದಿದ್ದರೆ ಬ್ರೇಕ್ ಕಡೆಗೆ ಬನ್ನಿ.

ಬ್ರೇಕ್ ಬಜರ್ ಹೇಳೋದೇನು?

ಕಾರಿನಲ್ಲಿ ಪೆಡಲ್ ಹಗುರವಾಗಿರಲು ಎಂಜಿನ್‌ನ ವ್ಯಾಕ್ಯೂಮ್ ಸಹಾಯ ಮಾಡುತ್ತದೆ. ಏಳೆಂಟು ಟನ್ ತೂಗುವ ಮೋಟರ್‌ಹೋಮ್‌ಗೆ ಅದು ಸಾಲದು. ಆ ಕಾಲದ ಅನೇಕ ದೊಡ್ಡ ಪೆಟ್ರೋಲ್ ಗಾಡಿಗಳಲ್ಲಿ ಪವರ್ ಸ್ಟೀರಿಂಗ್ ಪಂಪ್‌ನ ಆಯಿಲ್ ಒತ್ತಡವೇ ಬ್ರೇಕಿಗೂ ಬಲ ಕೊಡುತ್ತದೆ. ಬೆಂಡಿಕ್ಸ್‌ನ ಹೈಡ್ರೋ-ಮ್ಯಾಕ್ಸ್ ಇಂಥ ಒಂದು ವ್ಯವಸ್ಥೆ.

ಎಂಜಿನ್ ನಿಂತರೆ, ಬೆಲ್ಟ್ ಹರಿದರೆ ಆಯಿಲ್ ಹರಿವು ನಿಲ್ಲುತ್ತದೆ. ಆಗ ಕೈಬಿಡಬಾರದು ಅಂತಲೇ ಬ್ಯಾಟರಿಯಿಂದ ಓಡುವ ಒಂದು ಪುಟ್ಟ ಎಲೆಕ್ಟ್ರಿಕ್ ಪಂಪ್ ಇಟ್ಟಿರುತ್ತಾರೆ. ಹರಿವು ಇದೆಯೋ ಇಲ್ಲವೋ ಅಂತ ಕಾಯುತ್ತಾ ಇರುವುದು ಫ್ಲೋ ಸ್ವಿಚ್. ಹರಿವು ನಿಂತ ಕೂಡಲೇ ಅದು ರಿಲೇಗೆ ಸುದ್ದಿ ಮುಟ್ಟಿಸುತ್ತದೆ, ರಿಲೇ ಪಂಪನ್ನು ಓಡಿಸುತ್ತದೆ, ಬಜರ್ ಕೂಗುತ್ತದೆ, ಕೆಂಪು ದೀಪ ಹತ್ತುತ್ತದೆ.

ಇದನ್ನು ಪರೀಕ್ಷಿಸೋಕೆ ಮೆಕ್ಯಾನಿಕ್ ಬೇಕಿಲ್ಲ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಚಕ್ರಗಳಿಗೆ ಅಡ್ಡ ಕಟ್ಟೆ ಕೊಡಿ, ಹ್ಯಾಂಡ್‌ಬ್ರೇಕ್ ಹಾಕಿ.

1. ಕೀಲಿ ಹಾಕದೆ ಬ್ರೇಕ್ ಪೆಡಲ್ ಒತ್ತಿ. ಬಾನೆಟ್ ಕಡೆಯಿಂದ ಗುಂಯ್ ಅಂತ ಪಂಪ್ ಸದ್ದು ಬರಬೇಕು.
2. ಎಂಜಿನ್ ಶುರು ಮಾಡದೆ ಕೀಲಿ ಆನ್ ಮಾಡಿ, ಪೆಡಲ್ ಒತ್ತಿ. ಬಜರ್ ಕೂಗಬೇಕು, ಕೆಂಪು ದೀಪ ಹತ್ತಬೇಕು.
3. ಎಂಜಿನ್ ಸ್ಟಾರ್ಟ್ ಮಾಡಿ. ಪಂಪ್, ಬಜರ್, ದೀಪ ಮೂರೂ ಸುಮ್ಮನಾಗಬೇಕು.

ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ವ್ಯತ್ಯಾಸ ಇರಬಹುದು, ನಿಮ್ಮ ಗಾಡಿಯ ಚಾಸಿಸ್ ಮ್ಯಾನ್ಯುಯಲ್ ತೆಗೆದು ಹೋಲಿಸಿ ನೋಡಿ. ಆದರೆ ಒಂದು ಮಾತು ನೆನಪಿಡಿ: ಎರಡನೇ ಹಂತದಲ್ಲಿ ಎಲ್ಲವೂ ನಿಶ್ಶಬ್ದವಾಗಿದ್ದರೆ ಅದು ಸಮಾಧಾನದ ವಿಷಯವಲ್ಲ.

ಮೌನದ ಹಿಂದಿನ ಗುಟ್ಟು

ಟೆಕ್ಸಸ್‌ನಲ್ಲಿರುವ ನನ್ನ ಪರಿಚಯದ ದಂಪತಿಗೆ ಆಗಿದ್ದು ಇದೇ. ಅವನು ಮೈಸೂರಿನವನು, ಅವಳು ಧಾರವಾಡದವಳು. ಕೊಂಡ ಗಾಡಿ ಅಚ್ಚುಕಟ್ಟಾಗಿತ್ತು, ಒಂದು ಸದ್ದಿಲ್ಲ. ಅತ್ತೆ-ಮಾವನನ್ನು ಕರೆದುಕೊಂಡು ಕೊಲರಾಡೊ ಬೆಟ್ಟಗಳಿಗೆ ಹೊರಡಲು ಎರಡು ವಾರ ಇತ್ತು. ಮೇಲಿನ ಪರೀಕ್ಷೆ ಮಾಡಿ ನೋಡಿದ್ದು ಅವಳು. 'ಎಂಜಿನ್ ಬಂದ್ ಇದ್ದಾಗ ಇದು ಒದರಬೇಕಲ್ರೀ, ಯಾಕ ಸುಮ್ಮನೈತಿ?' ಅಂದಳು. ಡ್ಯಾಶ್‌ಬೋರ್ಡ್ ಅಡಿ ಟಾರ್ಚ್ ಬಿಟ್ಟು ನೋಡಿದರೆ, ಬಜರ್‌ನ ವೈರನ್ನು ಯಾರೋ ಕತ್ತರಿಸಿ, ತುದಿಗೆ ನೀಟಾಗಿ ಟೇಪ್ ಸುತ್ತಿದ್ದರು. ದೀಪದ ಬಲ್ಬೂ ತೆಗೆದಿದ್ದರು.

ವೈರ್ ಜೋಡಿಸಿದರು. ಎಂಜಿನ್ ಓಡುತ್ತಿದ್ದರೂ ಬಜರ್ ನಿಲ್ಲಲೇ ಇಲ್ಲ. ಹಿಂದಿನ ಮಾಲೀಕ ಕತ್ತರಿ ಹಿಡಿದಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಹಂತ ಹಂತವಾಗಿ ಹುಡುಕಿ

ಎಂಜಿನ್ ಓಡುವಾಗಲೂ ಬಜರ್ ಕೂಗಿದರೆ ಮೊದಲು ಬಾನೆಟ್ ತೆಗೆಯಿರಿ. ಪವರ್ ಸ್ಟೀರಿಂಗ್ ಆಯಿಲ್ ಮಟ್ಟ ಸರಿಯಿದೆಯಾ? ಬೆಲ್ಟ್ ಸಡಿಲವಾಗಿದೆಯಾ? ಎಲ್ಲಾದರೂ ಸೋರುತ್ತಿದೆಯಾ? ಇವು ಕೆಟ್ಟಿದ್ದರೆ ಬಜರ್ ನಿಜವನ್ನೇ ಹೇಳುತ್ತಿದೆ. ಇಲ್ಲೊಂದು ಎಚ್ಚರಿಕೆ: ಸ್ಟೀರಿಂಗ್ ಆಯಿಲ್ ಬೇರೆ, ಬ್ರೇಕ್ ಫ್ಲೂಯಿಡ್ ಬೇರೆ. ಒಂದರ ಡಬ್ಬಿಗೆ ಇನ್ನೊಂದನ್ನು ಸುರಿದರೆ ಒಳಗಿನ ರಬ್ಬರ್ ಸೀಲ್‌ಗಳು ಉಬ್ಬಿ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ.

ಅವೆಲ್ಲ ಸರಿಯಿದ್ದರೆ ವೈರಿಂಗ್ ಕಡೆಗೆ ಬನ್ನಿ. ಹಳೆಯ ವೈರಿಂಗ್‌ನಲ್ಲಿ ಸಾಮಾನ್ಯವಾಗಿ ಫ್ಲೋ ಸ್ವಿಚ್ ತನ್ನ ವೈರನ್ನು ಚಾಸಿಸ್‌ಗೆ, ಅಂದರೆ ಅರ್ಥ್‌ಗೆ ಮುಟ್ಟಿಸಿ ಬಜರ್ ಕೂಗಿಸುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ, ಬೆಲ್ಟ್-ಫ್ಯಾನ್‌ಗಳಿಂದ ಕೈ ದೂರವಿಟ್ಟು, ಸ್ವಿಚ್‌ನ ಕನೆಕ್ಟರ್ ಕಳಚಿ. ಬಜರ್ ನಿಂತರೆ ವೈರ್ ಚೆನ್ನಾಗಿದೆ, ದೋಷ ಸ್ವಿಚ್ಚಿನದು ಅಥವಾ ಹರಿವಿನದು. ಕಳಚಿದ ಮೇಲೂ ಕೂಗುತ್ತಿದ್ದರೆ, ಕನೆಕ್ಟರ್‌ನಿಂದ ರಿಲೇವರೆಗಿನ ದಾರಿಯಲ್ಲಿ ವೈರ್ ಎಲ್ಲೋ ಕಬ್ಬಿಣಕ್ಕೆ ತಾಗುತ್ತಿದೆ, ಇಲ್ಲವೇ ರಿಲೇನೇ ಅಂಟಿಕೊಂಡಿದೆ. ಪರೀಕ್ಷೆ ಮುಗಿದ ತಕ್ಷಣ ಕನೆಕ್ಟರ್ ವಾಪಸ್ ಸಿಕ್ಕಿಸಿ.

ಟೆಕ್ಸಸ್ ದಂಪತಿಗೆ ಸಿಕ್ಕಿದ್ದು ಹೀಗೇ. ವರ್ಷಗಟ್ಟಲೆ ಒಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ವೈರ್‌ನ ಸಿಪ್ಪೆ ಸವೆದು ತಾಮ್ರ ಇಣುಕುತ್ತಿತ್ತು. ಒಂದು ಅಡಿ ಹೊಸ ವೈರ್, ಎರಡು ಕ್ರಿಂಪ್, ಒಂದು ಬಲ್ಬು, ಅಷ್ಟೇ ಖರ್ಚು. ಅಷ್ಟಕ್ಕಾಗಿ ಹಿಂದಿನವರು ಎಚ್ಚರಿಕೆಯ ಬಾಯನ್ನೇ ಮುಚ್ಚಿ, ಗಾಡಿಯನ್ನು ಇನ್ನೊಬ್ಬರಿಗೆ ಮಾರಿದ್ದರು.

ಬ್ರೇಕ್ ಲೈಟ್ ಹೇಳುವ ಕಥೆಗಳು

ಪೆಡಲ್ ಪಕ್ಕದ ಸ್ಟಾಪ್‌ಲೈಟ್ ಸ್ವಿಚ್ಚಿಗೂ ಈ ಪಂಪಿಗೂ ನಂಟಿದೆ. ಸ್ವಿಚ್ ಸಿಕ್ಕಿಕೊಂಡರೆ ಕಾಲು ತೆಗೆದರೂ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಪಂಪೂ ಓಡುತ್ತಿರುತ್ತದೆ, ಬೆಳಗ್ಗೆ ನೋಡಿದರೆ ಬ್ಯಾಟರಿ ಖಾಲಿ. ರಾತ್ರಿ ನಿಲ್ಲಿಸಿದ ಗಾಡಿಯಿಂದ ಗುಂಯ್ ಸದ್ದು ಬಂದರೆ ಮೊದಲು ಹಿಂದಿನ ದೀಪ ನೋಡಿ.

ಅಮೆರಿಕದ ಹಳೇ ಗಾಡಿಗಳಲ್ಲಿ ಬ್ರೇಕ್ ಲೈಟ್ ಮತ್ತು ಇಂಡಿಕೇಟರ್‌ಗೆ ಅನೇಕ ಸಲ ಒಂದೇ ಕೆಂಪು ಬಲ್ಬ್. ಅಲ್ಲಿ ಬ್ರೇಕಿನ ಕರೆಂಟ್ ಇಂಡಿಕೇಟರ್ ಸ್ವಿಚ್ ಮೂಲಕವೇ ಹಿಂದಕ್ಕೆ ಹೋಗುತ್ತದೆ. ಮೇಲಿನ ಮೂರನೇ ಬ್ರೇಕ್ ಲೈಟ್ ಉರಿದು, ಕೆಳಗಿನವು ಉರಿಯದಿದ್ದರೆ ಪೆಡಲ್ ಸ್ವಿಚ್ ನಿರ್ದೋಷಿ. ಸ್ಟೀರಿಂಗ್ ಕಂಬದೊಳಗಿನ ಇಂಡಿಕೇಟರ್ ಸ್ವಿಚ್ಚಿನ ಮೇಲೆ ಅನುಮಾನ ಪಡಿ.

ಬ್ರೇಕ್ ಒತ್ತಿದಾಗ ಬೇರೆ ದೀಪಗಳು ಮಂದವಾಗಿ ಮಿನುಗಿದರೆ ಅದು ಅರ್ಥ್ ದೋಷದ ಗುರುತು. ತುಕ್ಕು ಹಿಡಿದ ಬೋಲ್ಟ್‌ನಿಂದ ದಾರಿ ಸಿಗದೆ ಕರೆಂಟ್ ಬೇರೆ ಬಲ್ಬಿನ ಮೂಲಕ ವಾಪಸ್ ಓಡುತ್ತದೆ. ಮಲ್ಟಿಮೀಟರ್ ತಗೊಳ್ಳಿ. ಬ್ರೇಕ್ ಒತ್ತಿ ಹಿಡಿದಿರುವಾಗ ದೀಪದ ಅರ್ಥ್ ತುದಿ ಮತ್ತು ಚಾಸಿಸ್ ಬ್ಯಾಟರಿಯ ನೆಗೆಟಿವ್ ನಡುವೆ ಅಳೆಯಿರಿ. 0.2 ವೋಲ್ಟ್ ಒಳಗಿದ್ದರೆ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಬೋಲ್ಟ್ ಬಿಚ್ಚಿ, ಕಬ್ಬಿಣ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿ ಮಾಡಿ.

ಹಿಂದಿನ ಮಾಲೀಕರು ಕಾರು ಎಳೆಯಲು ಅಂತ ಬ್ರೇಕ್ ಲೈಟ್ ವೈರ್‌ಗೆ ಚುಚ್ಚಿದ ಪ್ಲಾಸ್ಟಿಕ್ ಕ್ಲಿಪ್‌ಗಳನ್ನೂ ಬಿಡದೆ ನೋಡಿ. ಅವು ವೈರ್ ಸಿಪ್ಪೆಯನ್ನು ಸೀಳುತ್ತವೆ, ನೀರು ಒಳಹೋಗಿ ತಾಮ್ರ ಹಸಿರಾಗುತ್ತದೆ. ನಿಲ್ಲಿಸಿದ ಗಾಡಿಯಲ್ಲಿ ಇಲಿ ಕಡಿದಿರುವುದೂ ಉಂಟು.

ರಸ್ತೆಯಲ್ಲೇ ಕೂಗಿದರೆ?

ಎಂಜಿನ್ ಆಫ್ ಮಾಡಬೇಡಿ. ಆಕ್ಸಿಲರೇಟರ್ ಬಿಡಿ, ಹಜಾರ್ಡ್ ಲೈಟ್ ಹಾಕಿ, ಗೇರ್ ಇಳಿಸಿ. ಆಗುಂಬೆ ಘಾಟಿಯಲ್ಲಿ ನಮ್ಮ ಬಸ್ ಡ್ರೈವರ್‌ಗಳು ಎಂಜಿನ್ನಿಂದಲೇ ಗಾಡಿ ಹಿಡಿಯುತ್ತಾರಲ್ಲ, ಹಾಗೆ. ಪೆಡಲನ್ನು ಮತ್ತೆ ಮತ್ತೆ ತುಳಿಯದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಎರಡಕ್ಕೂ ಒಂದೇ ಪಂಪ್ ಆದ್ದರಿಂದ ಸ್ಟೀರಿಂಗೂ ಭಾರವಾಗಬಹುದು, ಎರಡೂ ಕೈ ಅದರ ಮೇಲಿರಲಿ. ಬದಿಗೆ ನಿಲ್ಲಿಸಿದ ಮೇಲೆ ಟೋ ಟ್ರಕ್ ಕರೆಯಿರಿ, 'ಮುಂದಿನ ಊರಿನ ತನಕ ಹೋಗಿಬಿಡೋಣ' ಅನ್ನಬೇಡಿ.

ವೈರ್, ಫ್ಯೂಸ್, ಬಲ್ಬ್, ಅರ್ಥ್ ಇಷ್ಟು ನಿಮ್ಮ ಕೈಯಲ್ಲಿ ಆಗುವ ಕೆಲಸ. ಪೆಡಲ್ ಕೆಳಗಿಳಿಯುತ್ತಿದ್ದರೆ, ಬ್ರೇಕ್ ಫ್ಲೂಯಿಡ್ ಕಡಿಮೆಯಾಗುತ್ತಿದ್ದರೆ, ಚಕ್ರದ ಬಳಿ ಒದ್ದೆಯಿದ್ದರೆ ಅದು ತಿಳಿದ ಮೆಕ್ಯಾನಿಕ್ ಕೆಲಸ, ಅಲ್ಲಿ ದುಡ್ಡು ಉಳಿಸೋಕೆ ಹೋಗಬಾರದು.

ಸರಿ ಮಾಡಿದ ಪ್ರತಿ ವೈರಿಗೂ ಒಂದು ಚೀಟಿ ಅಂಟಿಸಿ, ಏನು ಮಾಡಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಗಾಡಿಯಲ್ಲೇ ಇಡಿ. ನಾಳೆ ಆ ಗಾಡಿಯನ್ನು ಕೊಳ್ಳುವವರೂ ತಮ್ಮ ಅಪ್ಪ-ಅಮ್ಮನನ್ನೇ ಕೂರಿಸಿಕೊಂಡು ಹೋಗುವವರು.